ಮೈಕ್ರೋಸಾಫ್ಟ್‌ನ ಕ್ವಾಂಟಮ್ ಚಿಪ್ ಜಗಳ: ಅಷ್ಟಕ್ಕೂ ಆ ತಂತಿಯೊಳಗೆ ಏನಿದೆ?

2025ರ ಫೆಬ್ರವರಿ 19ರಂದು ಮೈಕ್ರೋಸಾಫ್ಟ್ 'ಮಯೊರಾನಾ 1' ಎಂಬ ಚಿಪ್ ತೋರಿಸಿತು. ಅಂಗೈಯಲ್ಲಿ ಕೂರುವಷ್ಟು ಪುಟ್ಟದು. ಇದರಲ್ಲಿ ಎಂಟು ಟೋಪಾಲಾಜಿಕಲ್ ಕ್ಯೂಬಿಟ್‌ಗಳಿವೆ, ಮುಂದೆ ಇಂಥದ್ದೇ ಒಂದು ಚಿಪ್‌ನಲ್ಲಿ ಹತ್ತು ಲಕ್ಷ ಕೂರಿಸಬಹುದು ಎಂದು ಕಂಪನಿ ಹೇಳಿತು. ಕ್ಯೂಬಿಟ್ ಅಂದ್ರೆ ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಹಿತಿಯ ಪುಟ್ಟ ಘಟಕ. ಅದೇ ದಿನ ನೇಚರ್ ಪತ್ರಿಕೆಯಲ್ಲಿ ಸಂಶೋಧನಾ ಲೇಖನವೂ ಬಂತು. ಆದರೆ ಆ ಲೇಖನದ ಜೊತೆ ಹಾಕಿದ್ದ ಪರಿಶೀಲನಾ ಕಡತದಲ್ಲಿ ಸಂಪಾದಕರೇ ಒಂದು ಮಾತು ಸೇರಿಸಿದ್ದರು. ಈ ಸಾಧನಗಳಲ್ಲಿ, ಅಂಥ ಕ್ಯೂಬಿಟ್‌ಗೆ ಬೇಕಾದ ಮಯೊರಾನಾ ಸ್ಥಿತಿಗಳಿವೆ ಅನ್ನೋದಕ್ಕೆ ಈ ಫಲಿತಾಂಶಗಳು ಪುರಾವೆ ಅಲ್ಲ, ಅಂತ.

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದೆ, ಅಲ್ವಾ? ಮಾಡಿ ಮುಗಿಸಿದ್ದೇವೆ ಅಂತ ಕಂಪನಿ, ಪುರಾವೆ ಇಲ್ಲ ಅಂತ ಪತ್ರಿಕೆ. ಎರಡೂ ಒಂದೇ ದಿನ, ಒಂದೇ ಕೆಲಸದ ಬಗ್ಗೆ. ಅಲ್ಲಿಂದ ಶುರುವಾದ ವಾದ ಇನ್ನೂ ನಿಂತಿಲ್ಲ. ಒಬ್ಬರು ಇದು ಮೋಸ ಅಂದರು, ಇನ್ನೊಬ್ಬರು ಹೊಟ್ಟೆಕಿಚ್ಚು ಅಂದರು. ಎರಡೂ ಸುಲಭದ ಉತ್ತರಗಳು. ಜಗಳದ ಬೇರು ಇರುವುದು ಕೂದಲಿಗಿಂತ ನೂರಾರು ಪಟ್ಟು ತೆಳ್ಳಗಿನ ಒಂದು ತಂತಿಯೊಳಗೆ. ಅಲ್ಲಿ ಎಲೆಕ್ಟ್ರಾನ್‌ಗಳು ನಿಜಕ್ಕೂ ಏನು ಮಾಡುತ್ತಿವೆ ಅನ್ನೋದನ್ನು ಹೊರಗಿನಿಂದ ಒಂದೇ ಅಳತೆಯಲ್ಲಿ ಹೇಳಲು ಬರುವುದಿಲ್ಲ. ಹೇಳಲು ಬಾರದಿರುವುದಕ್ಕೆ ಕಾರಣಗಳಿವೆ, ಅವನ್ನು ಬಿಡಿಸಿ ನೋಡಿದರೆ ಸುದ್ದಿಯ ಗೊಂದಲ ಬಹಳಷ್ಟು ತಿಳಿಯಾಗುತ್ತದೆ.

ಹರಿದ ನೋಟಿನ ಉಪಾಯ

ಕ್ವಾಂಟಮ್ ಕಂಪ್ಯೂಟರಿನ ದೊಡ್ಡ ತಲೆನೋವು ಅಂದ್ರೆ ಅದರ ಮಾಹಿತಿ ಬಲು ಬೇಗ ಕೆಡುತ್ತದೆ. ಸ್ವಲ್ಪ ಶಾಖ ತಗುಲಿದರೆ ಸಾಕು, ಹತ್ತಿರ ಒಂದು ಬಿಡಿ ಎಲೆಕ್ಟ್ರಾನ್ ಅಲುಗಿದರೂ ಸಾಕು. 2001ರಲ್ಲಿ ಅಲೆಕ್ಸಿ ಕಿಟಾಯೆವ್ ಎಂಬ ಭೌತವಿಜ್ಞಾನಿ ಇದಕ್ಕೆ ಒಂದು ಉಪಾಯ ಪ್ರಕಟಿಸಿದರು. ಒಂದು ಎಲೆಕ್ಟ್ರಾನ್ ಸ್ಥಿತಿಯನ್ನು ಎರಡು ಅರ್ಧ ಮಾಡಿ, ಒಂದರ್ಧ ತಂತಿಯ ಈ ತುದಿಗೆ, ಇನ್ನೊಂದರ್ಧ ಆ ತುದಿಗೆ ಇಡುವುದು. ನೂರು ರೂಪಾಯಿ ನೋಟನ್ನು ಹರಿದು ಒಂದು ಚೂರು ಬೀದರಿನಲ್ಲಿ, ಇನ್ನೊಂದು ಚೂರು ಚಾಮರಾಜನಗರದಲ್ಲಿ ಇಟ್ಟ ಹಾಗೆ. ಕಳ್ಳನಿಗೆ ಒಂದು ಚೂರು ಸಿಕ್ಕರೆ ಏನೂ ಪ್ರಯೋಜನ ಇಲ್ಲ. ಹಾಗೆಯೇ ಒಂದು ತುದಿಯಲ್ಲಿ ಮಾತ್ರ ಗದ್ದಲವಾದರೆ ಮಾಹಿತಿ ಕೆಡುವುದಿಲ್ಲ.

ಈ ಅರ್ಧಗಳಿಗೇ ಮಯೊರಾನಾ ಸ್ಥಿತಿ ಎಂದು ಹೆಸರು, ಹೀಗೆ ಮಾಹಿತಿ ಅಡಗಿಸಿಡುವ ಕ್ಯೂಬಿಟ್ಟೇ ಟೋಪಾಲಾಜಿಕಲ್ ಕ್ಯೂಬಿಟ್. 1937ರಲ್ಲಿ ತನಗೆ ತಾನೇ ಪ್ರತಿಕಣವಾಗಿರುವ ಕಣವನ್ನು ಊಹಿಸಿದ ಇಟಲಿಯ ಎತ್ತೊರೆ ಮಯೊರಾನಾ ಅವರ ಹೆಸರು ಅದು.

ಆದರೆ ಕಿಟಾಯೆವ್ ಲೆಕ್ಕಕ್ಕೆ ಒಂದು ವಿಚಿತ್ರ ತಂತಿ ಬೇಕು. ಅದು ಅತಿವಾಹಕ ಆಗಿರಬೇಕು, ಅಂದರೆ ಎಲೆಕ್ಟ್ರಾನ್‌ಗಳು ಜೋಡಿಯಾಗಿ ತಡೆಯಿಲ್ಲದೆ ಹರಿಯಬೇಕು. ಜೊತೆಗೆ ಆ ಎಲೆಕ್ಟ್ರಾನ್‌ಗಳಿಗೆ ಸ್ಪಿನ್ನೇ ಇಲ್ಲ ಅನ್ನುವ ಹಾಗಿರಬೇಕು. ಸ್ಪಿನ್ ಅಂದ್ರೆ ಎಲೆಕ್ಟ್ರಾನ್ ಒಂದು ಪುಟ್ಟ ಬುಗುರಿ ಎಂಬಂತೆ ವರ್ತಿಸುವ ಗುಣ, ಒಂದೋ ಮೇಲ್ಮುಖ ಇಲ್ಲವೇ ಕೆಳಮುಖ. ಅಲ್ಯೂಮಿನಿಯಂನಂಥ ಮಾಮೂಲಿ ಅತಿವಾಹಕದಲ್ಲಿ ಮೇಲ್ಮುಖದ ಬುಗುರಿ ಕೆಳಮುಖದ್ದನ್ನೇ ಹುಡುಕಿ ಜೋಡಿಯಾಗುತ್ತದೆ. ಕಾಂತಕ್ಷೇತ್ರ ಕೊಟ್ಟು ಎಲ್ಲವನ್ನೂ ಒಂದೇ ಮುಖಕ್ಕೆ ತಿರುಗಿಸಿದರೆ ಸ್ಪಿನ್ ಇಲ್ಲದ ಹಾಗೇ ಆಗುತ್ತದೆ ನಿಜ. ಆದರೆ ಆಗ ಜೋಡಿಗೆ ಸಂಗಾತಿಯೇ ಸಿಗುವುದಿಲ್ಲ. ಒಂದು ಬೇಕೆಂದರೆ ಇನ್ನೊಂದು ಕೈತಪ್ಪುತ್ತದೆ.

ಗಂಟು ಬಿಡಿಸಿದ ಸ್ಪಿನ್-ಆರ್ಬಿಟ್

2010ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಇದಕ್ಕೆ ದಾರಿ ತೋರಿಸಿದವು. ಒಂದರಲ್ಲಿ ಲುಚಿನ್, ಸೌ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಶಂಕರ್ ದಾಸ್ ಶರ್ಮಾ ಇದ್ದರು, ಇನ್ನೊಂದರಲ್ಲಿ ಒರೆಗ್, ರೆಫೇಲ್ ಮತ್ತು ವಾನ್ ಒಪ್ಪೆನ್. ಎರಡೂ ತಂಡಗಳು ಕೈ ಹಾಕಿದ್ದು ಒಂದೇ ಸಾಮಗ್ರಿಗೆ: ಸ್ಪಿನ್-ಆರ್ಬಿಟ್ ಕಪ್ಲಿಂಗ್.

ಅದು ಏನು? ಎಲೆಕ್ಟ್ರಾನ್ ಒಂದು ವಿದ್ಯುತ್ ಕ್ಷೇತ್ರದೊಳಗೆ ಓಡುವಾಗ, ಓಡುತ್ತಿರುವ ಅದರ ಕಣ್ಣಿಗೆ ಆ ಕ್ಷೇತ್ರದ ಒಂದು ಪಾಲು ಕಾಂತಕ್ಷೇತ್ರದ ಹಾಗೆ ಕಾಣುತ್ತದೆ. ಓಟದ ದಿಕ್ಕು ತಿರುಗಿದರೆ ಆ ಕಾಂತಕ್ಷೇತ್ರವೂ ತಿರುಗುತ್ತದೆ. ಹೀಗಾಗಿ ಬುಗುರಿಯ ಮುಖಕ್ಕೂ ಓಟದ ದಿಕ್ಕಿಗೂ ಒಂದು ಗಂಟು ಬೀಳುತ್ತದೆ. ಬಲಕ್ಕೆ ಓಡುವವರಿಗೆ ಒಂದು ಮುಖ ಸಲೀಸು, ಎಡಕ್ಕೆ ಓಡುವವರಿಗೆ ಅದರ ವಿರುದ್ಧದ ಮುಖ. ತೂಕದ ಪರಮಾಣುಗಳಿರುವ ವಸ್ತುಗಳಲ್ಲಿ ಈ ಗುಣ ಜಾಸ್ತಿ. ಅದಕ್ಕೇ ಈ ಕೆಲಸಕ್ಕೆ ಸಿಲಿಕಾನ್ ಬಿಟ್ಟು ಇಂಡಿಯಂ ಆರ್ಸೆನೈಡ್, ಇಂಡಿಯಂ ಆಂಟಿಮೊನೈಡ್ ತಂತಿಗಳನ್ನು ಬಳಸುತ್ತಾರೆ.

ಈಗ ಈ ತಂತಿಗೆ ಉದ್ದುದ್ದ ಕಾಂತಕ್ಷೇತ್ರ ಕೊಡಿ. ಎಲೆಕ್ಟ್ರಾನ್‌ಗಳ ಶಕ್ತಿಯ ನಕ್ಷೆಯಲ್ಲಿ ಒಂದು ಕಿಟಕಿ ತೆರೆಯುತ್ತದೆ. ಆ ಕಿಟಕಿಯೊಳಗೆ ಬಲಕ್ಕೆ ಓಡಲು ಒಂದೇ ಬಗೆ, ಎಡಕ್ಕೆ ಓಡಲು ಒಂದೇ ಬಗೆ. ಲೆಕ್ಕಕ್ಕೆ ಸ್ಪಿನ್ ಇಲ್ಲದ ಹಾಗೇ ಆಯಿತು. ಆದರೆ ಬಲಗಡೆಯವನ ಮುಖವೂ ಎಡಗಡೆಯವನ ಮುಖವೂ ಇನ್ನೂ ಸಾಕಷ್ಟು ಎದುರುಬದುರು ಇರುವುದರಿಂದ ಇಬ್ಬರೂ ಜೋಡಿಯಾಗಬಹುದು. ಪಕ್ಕದಲ್ಲಿ ಅಲ್ಯೂಮಿನಿಯಂ ಅಂಟಿಸಿದರೆ ಅದರ ಅತಿವಾಹಕ ಗುಣ ತಂತಿಗೂ ಸೋರುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಸ್ಪಿನ್-ಆರ್ಬಿಟ್ ದುರ್ಬಲವಾದರೆ ಮಾತ್ರ ಕಾಂತಕ್ಷೇತ್ರ ಎಲ್ಲರನ್ನೂ ಒಂದೇ ಕಡೆ ಎಳೆದುಬಿಡುತ್ತದೆ, ಜೋಡಿ ಒಡೆಯುತ್ತದೆ, ಉಪಾಯ ಅಲ್ಲಿಗೇ ಮುಗಿಯುತ್ತದೆ.

ಆ ಕಿಟಕಿ ಇದೆಯೋ ಇಲ್ಲವೋ ನೋಡಲು, ಅತಿವಾಹಕ ಇಲ್ಲದ ಬರೀ ತಂತಿಯಲ್ಲಿ, ಒಂದು ಸರಳ ಪ್ರಯೋಗ ಇದೆ. ತಂತಿಯ ಕೆಳಗಿನ ಗೇಟ್‌ಗೆ, ಅಂದರೆ ತಂತಿಯೊಳಗಿನ ಎಲೆಕ್ಟ್ರಾನ್‌ಗಳನ್ನು ಹೆಚ್ಚು ಕಡಿಮೆ ಮಾಡುವ ಲೋಹದ ಪಟ್ಟಿಗೆ, ಕೊಡುವ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತಾ ಹೋಗಬೇಕು. ಇಷ್ಟು ತೆಳ್ಳಗಿನ ತಂತಿಯಲ್ಲಿ ವಾಹಕತೆ ಇಳಿಜಾರಿನ ಹಾಗೆ ಏರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಮೆಟ್ಟಿಲು ಅಂದರೆ ಸುಮಾರು 12,906 ಓಮ್ ತಡೆಗೆ ಸಮ. ಕಿಟಕಿ ಇದ್ದರೆ, ಮೊದಲ ಮೆಟ್ಟಿಲು ಹತ್ತಿದ ಗೆರೆ ಒಮ್ಮೆ ಅರ್ಧ ಮೆಟ್ಟಿಲಿಗೆ ಕುಸಿಯುತ್ತದೆ, ಆಮೇಲೆ ಮತ್ತೆ ಮೇಲೇಳುತ್ತದೆ. ವೋಲ್ಟೇಜ್ ಏರುತ್ತಿದ್ದರೂ ವಾಹಕತೆ ಇಳಿಯುವ ಆ ಹಳ್ಳವೇ ಗುರುತು. 2010ರಲ್ಲಿ ಗ್ಯಾಲಿಯಂ ಆರ್ಸೆನೈಡ್ ತಂತಿಯಲ್ಲಿ, 2017ರಲ್ಲಿ ಇಂಡಿಯಂ ಆಂಟಿಮೊನೈಡ್ ತಂತಿಯಲ್ಲಿ ಇದನ್ನು ನೋಡಿದ್ದೇವೆ ಎಂಬ ವರದಿಗಳು ಬಂದವು.

ಅದೇ 2017ರಲ್ಲಿ ಇಂಡಿಯಂ ಆರ್ಸೆನೈಡ್ ತಂತಿಯ ಮೇಲೆ ಬಂದ ಇನ್ನೊಂದು ವರದಿ ಮಾತ್ರ ಕಥೆಯನ್ನು ಬೇರೆ ಕಡೆಗೆ ತಿರುಗಿಸಿತು. ಅಲ್ಲಿ ಕಾಂತಕ್ಷೇತ್ರವೇ ಕೊಡದಿದ್ದಾಗಲೂ ಹಳ್ಳ ಸ್ಪಷ್ಟವಾಗಿ ಕಾಣಿಸಿತ್ತು. ಪಠ್ಯಪುಸ್ತಕದ ಪ್ರಕಾರ ಕ್ಷೇತ್ರ ಇಲ್ಲದೆ ಕಿಟಕಿ ತೆರೆಯಬಾರದು. ಹಾಗಾದರೆ ಅದನ್ನು ತೆರೆದದ್ದು ಯಾರು?

ಗದ್ದೆ ಬದುವಿನ ಮೇಲಿನ ನಡಿಗೆ

ಆ ಸಂಶೋಧಕರ ಉತ್ತರ: ಎಲೆಕ್ಟ್ರಾನ್‌ಗಳೇ, ಒಂದನ್ನೊಂದು ತಳ್ಳಿಕೊಂಡು.

ಇಲ್ಲಿವರೆಗೆ ಹೇಳಿದ್ದರಲ್ಲಿ ಒಂದು ಸಣ್ಣ ಸುಳ್ಳಿತ್ತು. ಪ್ರತಿ ಎಲೆಕ್ಟ್ರಾನೂ ತನ್ನ ಪಾಡಿಗೆ ತಾನು ಓಡುತ್ತದೆ, ಪಕ್ಕದ್ದನ್ನು ನೋಡುವುದೇ ಇಲ್ಲ ಅನ್ನೋ ಹಾಗೆ ಮಾತಾಡಿದೆವು. ದಪ್ಪ ತಾಮ್ರದ ತಂತಿಯಲ್ಲಿ ಹಾಗೆ ಅಂದುಕೊಂಡರೂ ನಡೆಯುತ್ತದೆ, ಅಲ್ಲಿ ಪಕ್ಕಕ್ಕೆ ಸರಿಯಲು ಜಾಗ ಇದೆ. ಒಂದೇ ಆಯಾಮದ ತಂತಿ ಗದ್ದೆ ಬದುವಿನ ಹಾಗೆ. ಹತ್ತು ಜನ ಸಾಲಾಗಿ ನಡೆಯುವಾಗ ಮುಂದಿನವನು ನಿಂತರೆ ಹಿಂದಿನವನೂ ನಿಲ್ಲಲೇಬೇಕು, ದಾಟಿಕೊಂಡು ಹೋಗಲು ದಾರಿ ಇಲ್ಲ. ಒಬ್ಬನ ಅಲುಗಾಟ ಇಡೀ ಸಾಲಿನ ಅಲುಗಾಟ. 1950ರಲ್ಲಿ ಟೊಮೊನಾಗಾ, 1963ರಲ್ಲಿ ಲಟಿಂಜರ್ ಇದರ ಗಣಿತ ಬರೆದರು, 1981ರಲ್ಲಿ ಹಾಲ್ಡೇನ್ ಅದನ್ನು ಇನ್ನಷ್ಟು ವಿಶಾಲ ಮಾಡಿದರು. ಇಂಥ ಸಾಲಿಗೆ ಲಟಿಂಜರ್ ದ್ರವ ಅನ್ನುತ್ತಾರೆ.

ಇದರ ಒಂದು ಸೋಜಿಗ ನೋಡಿ. ಇಲ್ಲಿ ಎಲೆಕ್ಟ್ರಾನಿನ ವಿದ್ಯುದಂಶ ಒಂದು ಅಲೆಯಾಗಿ, ಸ್ಪಿನ್ ಬೇರೊಂದು ಅಲೆಯಾಗಿ, ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ. ಸುಮ್ನೆ ಲೆಕ್ಕದ ಆಟ ಅಲ್ಲ, 2009ರಲ್ಲಿ ಕೇಂಬ್ರಿಜ್ ತಂಡ ಇದರ ಗುರುತನ್ನು ಪ್ರಯೋಗದಲ್ಲಿ ಕಂಡಿದ್ದಾಗಿ ವರದಿ ಮಾಡಿತು. ಈಗ ಇಲ್ಲಿಗೆ ಸ್ಪಿನ್-ಆರ್ಬಿಟ್ ತನ್ನಿ. ಅದರ ಕೆಲಸವೇ ಓಟಕ್ಕೂ ಸ್ಪಿನ್‌ಗೂ ಗಂಟು ಹಾಕುವುದು. ಒಬ್ಬರು ಬೇರೆ ಮಾಡಿದ್ದನ್ನು ಇನ್ನೊಬ್ಬರು ಮತ್ತೆ ಕಟ್ಟುತ್ತಾರೆ. ಈ ಎಳೆದಾಟದಿಂದ ಏನೇನಾಗುತ್ತದೆ ಅನ್ನೋದೇ ಈ ಕ್ಷೇತ್ರದ ನಿಜವಾದ ಹುರುಳು, ಸುದ್ದಿಯಲ್ಲಿ ಮಾತ್ರ ಅದಕ್ಕೆ ಜಾಗವೇ ಸಿಗುವುದಿಲ್ಲ.

2010ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಡೇನಿಯಲ್ ಲಾಸ್ ಮತ್ತು ಸಂಗಡಿಗರು ತೋರಿಸಿದ್ದು: ಎಲೆಕ್ಟ್ರಾನ್‌ಗಳು ಒಂದನ್ನೊಂದು ವಿಕರ್ಷಿಸಿದರೆ ಆ ಕಿಟಕಿ ಇನ್ನೂ ದೊಡ್ಡದಾಗುತ್ತದೆ. ಅಂದರೆ ವಿಕರ್ಷಣೆಯಿಂದ ಒಳ್ಳೆಯದೇ ಆಯಿತು. ಆದರೆ 2011ರಲ್ಲಿ ಇದೇ ಗುಂಪು, ಜೊತೆಗೆ ಅಮೆರಿಕದಲ್ಲಿ ಸ್ಟೌಡೆನ್‌ಮೈರ್, ಅಲಿಸಿಯಾ, ಸ್ಟಾರಿಖ್ ಮತ್ತು ಫಿಶರ್, ಅತಿವಾಹಕವನ್ನೂ ಸೇರಿಸಿ ಲೆಕ್ಕ ಹಾಕಿದಾಗ ಇನ್ನೊಂದು ಮುಖ ಕಂಡಿತು. ಒಂದನ್ನೊಂದು ತಳ್ಳುವವರು ಜೋಡಿಯಾಗಲು ಒಪ್ಪುತ್ತಾರೆಯೇ? ವಿಕರ್ಷಣೆ ಜಾಸ್ತಿಯಾದಷ್ಟೂ ಜೋಡಿ ಸಡಿಲವಾಗುತ್ತದೆ, ಮಯೊರಾನಾವನ್ನು ಕಾಯುವ ಶಕ್ತಿಯ ಬೇಲಿ ಕುಳ್ಳಗಾಗುತ್ತದೆ. ತೀರಾ ಜಾಸ್ತಿಯಾದರೆ ಬೇಲಿಯೇ ಬಿದ್ದುಹೋಗಬಹುದು. ಇತ್ತ, ಯಾವ ಯಾವ ಗೇಟ್ ವೋಲ್ಟೇಜಿನಲ್ಲಿ ಮಯೊರಾನಾ ಹುಟ್ಟಬಹುದು ಅನ್ನೋ ವ್ಯಾಪ್ತಿ ಮಾತ್ರ ಅಗಲವಾಗುತ್ತದೆ. ಹುಡುಕುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ.

ಅಲ್ಯೂಮಿನಿಯಂ ಪದರ ವಿಕರ್ಷಣೆಯನ್ನು ಸಾಕಷ್ಟು ತಗ್ಗಿಸುತ್ತದೆ ಎಂಬ ಸಮಾಧಾನ ಇದೆ. ಅದಕ್ಕೇ ಎಷ್ಟೋ ಲೆಕ್ಕಗಳು ಅದನ್ನು ಬಿಟ್ಟೇ ಮುಂದೆ ಹೋಗುತ್ತವೆ. ಆದರೆ ಆ ಪದರ ಪುಕ್ಕಟೆ ಬರುವುದಿಲ್ಲ. ತಂತಿಗೆ ಅದನ್ನು ಗಟ್ಟಿಯಾಗಿ ಅಂಟಿಸಿದಷ್ಟೂ ಎಲೆಕ್ಟ್ರಾನ್ ಅರ್ಧ ಅಲ್ಯೂಮಿನಿಯಂನಲ್ಲೇ ವಾಸ ಮಾಡುತ್ತದೆ. ಅಲ್ಲಿ ಸ್ಪಿನ್-ಆರ್ಬಿಟ್ ತೀರಾ ಕಡಿಮೆ. ಹಾಲಿಗೆ ನೀರು ಬೆರೆಸಿದ ಹಾಗೆ, ಯಾವ ಗುಣಕ್ಕಾಗಿ ಆ ತಂತಿಯನ್ನು ಆರಿಸಿಕೊಂಡಿದ್ದೆವೋ ಅದೇ ತೆಳುವಾಗುತ್ತದೆ.

ಬೆಳ್ಳಗಿರೋದೆಲ್ಲ ಹಾಲಲ್ಲ

2012ರಲ್ಲಿ ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಲಿಯೊ ಕೌವೆನ್‌ಹೋವೆನ್ ಅವರ ತಂಡ ಇಂಡಿಯಂ ಆಂಟಿಮೊನೈಡ್ ತಂತಿಯ ತುದಿಯಲ್ಲಿ, ಸೊನ್ನೆ ವೋಲ್ಟೇಜಿನಲ್ಲಿ, ವಾಹಕತೆಯ ಗ್ರಾಫ್‌ನಲ್ಲಿ ಒಂದು ಶಿಖರ ಕಂಡಿತು. ಮಯೊರಾನಾ ಇದ್ದರೆ ಅಲ್ಲಿ ಶಿಖರ ಇರಬೇಕು ಎಂದು ಸಿದ್ಧಾಂತ ಹೇಳಿತ್ತು. ಅವರು ಇನ್ನೊಂದು ಜಾಣ ಪರೀಕ್ಷೆಯನ್ನೂ ಮಾಡಿದ್ದರು. ಕಾಂತಕ್ಷೇತ್ರವನ್ನು ತಿರುಗಿಸಿ, ಸ್ಪಿನ್-ಆರ್ಬಿಟ್ ಕ್ಷೇತ್ರದ ದಿಕ್ಕಿಗೇ ಸಾಲಾಗಿ ಹಿಡಿದಾಗ ಶಿಖರ ಮಾಯವಾಯಿತು. ಸಿದ್ಧಾಂತವೂ ಅದನ್ನೇ ಹೇಳಿತ್ತು. ಎಲ್ಲರಿಗೂ ಖುಷಿ.

ಆದರೆ ಶಿಖರಕ್ಕೆ ಬೇರೆ ಕಾರಣಗಳೂ ಇರಬಹುದು. ತಂತಿಯಲ್ಲಿ ಸಣ್ಣ ಕೊಳೆ, ಒಂದು ಏರುಪೇರು, ತುದಿಯಲ್ಲಿ ತಾನಾಗಿ ಆದ ಒಂದು ಕ್ವಾಂಟಮ್ ಚುಕ್ಕೆ (ಎಲೆಕ್ಟ್ರಾನ್ ಸಿಕ್ಕಿಕೊಳ್ಳುವ ಪುಟ್ಟ ಜಾಗ), ಇಷ್ಟಿದ್ದರೆ ಸಾಕು. ಅಲ್ಲಿ ಆಂಡ್ರೀವ್ ಸ್ಥಿತಿ ಎಂಬ, ಮಾಹಿತಿಗೆ ಕಾವಲಿಲ್ಲದ ಮಾಮೂಲಿ ಸ್ಥಿತಿ ಕೂತು ಸೊನ್ನೆಯಲ್ಲೇ ಶಿಖರ ಮಾಡಬಲ್ಲದು. ಅದೂ ಅತಿವಾಹಕ, ಕಾಂತಕ್ಷೇತ್ರ, ಸ್ಪಿನ್-ಆರ್ಬಿಟ್ ಈ ಮೂರರಿಂದಲೇ ಹುಟ್ಟುವ ಕೂಸು. ಹಾಗಾಗಿ ವೇಷ ಪಕ್ಕಾ. 2010ರ ಪ್ರಸ್ತಾಪಕರಲ್ಲಿ ಒಬ್ಬರಾದ ದಾಸ್ ಶರ್ಮಾ ಅವರೇ 2020ರಲ್ಲಿ ಹೈನಿಂಗ್ ಪ್ಯಾನ್ ಜೊತೆ ಸೇರಿ ಶಿಖರಗಳನ್ನು ಒಳ್ಳೆಯವು, ಕೆಟ್ಟವು, ವಿಕಾರದವು ಎಂದು ವಿಂಗಡಿಸಿ ಎಚ್ಚರಿಸಿದರು. ತಾನೇ ನೆಟ್ಟ ಗಿಡದ ಹಣ್ಣು ಮೂಸಿ ನೋಡುವ ಈ ಪ್ರಾಮಾಣಿಕತೆ ಮೆಚ್ಚಬೇಕಾದ್ದೇ.

ಅದಕ್ಕೂ ಮುಂಚೆ, 2018ರಲ್ಲಿ, ಡೆಲ್ಫ್ಟ್ ತಂಡ ನೇಚರ್‌ನಲ್ಲಿ ಇನ್ನೂ ದೊಡ್ಡ ಮಾತು ಹೇಳಿತ್ತು. ಶಿಖರದ ಎತ್ತರ ಸಿದ್ಧಾಂತ ಹೇಳಿದ ಅಳತೆಗೆ ಸರಿಯಾಗಿ ಬಂದಿದೆ, ಅಂತ. ಸರ್ಗೇ ಫ್ರೊಲೊವ್ ಮತ್ತು ವಿನ್ಸೆಂಟ್ ಮೌರಿಕ್ ಪೂರ್ತಿ ಡೇಟಾ ಕೇಳಿ ತರಿಸಿಕೊಂಡು ನೋಡಿದರು. ಇಬ್ಬರೂ ಅದೇ ತಂಡದ ಹಳಬರು, 2012ರ ಲೇಖನದಲ್ಲಿ ಇಬ್ಬರ ಹೆಸರೂ ಇದೆ. ಪೂರ್ತಿ ಡೇಟಾ ಹಾಕಿ ನೋಡಿದರೆ ಎತ್ತರ ಆ ಅಳತೆಗೆ ನಿಲ್ಲುತ್ತಿರಲಿಲ್ಲ. 2021ರ ಮಾರ್ಚ್‌ನಲ್ಲಿ ಲೇಖಕರೇ ಕ್ಷಮೆ ಕೇಳಿ ಲೇಖನ ಹಿಂದೆಗೆದುಕೊಂಡರು. ಪರಿಶೀಲಿಸಿದ ಪರಿಣತರು ಇದನ್ನು ಬೇಕೆಂದು ಮಾಡಿದ ಮೋಸ ಅನ್ನಲಿಲ್ಲ, ಉತ್ಸಾಹದಲ್ಲಿ ಕೊಚ್ಚಿಹೋದರು ಅಂದರು. 2025ರ ಸುದ್ದಿ ಬಂದಾಗ ಅಷ್ಟೊಂದು ಜನ ಹುಬ್ಬೇರಿಸಿದ್ದಕ್ಕೆ ಈ ಹಳೆಯ ಗಾಯವೇ ಕಾರಣ.

ಎರಡೂ ಕಡೆಯ ವಾದ

ಹಾಗಾದರೆ ಈ ಸಲ ಅಳೆದದ್ದೇನು? ಅಲ್ಯೂಮಿನಿಯಂ ಹೊದ್ದ ಇಂಡಿಯಂ ಆರ್ಸೆನೈಡ್ ತಂತಿಯನ್ನು ಒಂದು ಕ್ವಾಂಟಮ್ ಚುಕ್ಕೆಗೆ ಜೋಡಿಸಿ ಕುಣಿಕೆ ಮಾಡಿದ್ದಾರೆ. ತಂತಿಯಲ್ಲಿ ಎಲೆಕ್ಟ್ರಾನ್‌ಗಳ ಸಂಖ್ಯೆ ಸಮವೋ ಬೆಸವೋ ಅನ್ನೋದನ್ನು ಆ ಕುಣಿಕೆಯ ಧಾರಣಶಕ್ತಿಯಿಂದ (ಕೆಪಾಸಿಟೆನ್ಸ್) ಓದುತ್ತಾರೆ. ಮಯೊರಾನಾ ಜೋಡಿ ಮಾಹಿತಿ ಅಡಗಿಸಿಡುವುದು ಈ ಸಮ-ಬೆಸದಲ್ಲೇ. ಗ್ರಾಫ್‌ನಲ್ಲಿ ಗೆರೆ ಎರಡು ಮಟ್ಟಗಳ ನಡುವೆ ನೆಗೆಯುತ್ತದೆ: ಸಮ, ಬೆಸ, ಮತ್ತೆ ಸಮ. ಒಂದೊಂದು ಮಟ್ಟದಲ್ಲಿ ಒಂದು ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ, ಓದುವಲ್ಲಿ ತಪ್ಪು ಶೇ 1ರಷ್ಟು. ಎರಡು ಟೆಸ್ಲಾದಷ್ಟು ಕಾಂತಕ್ಷೇತ್ರದಲ್ಲಿ ಇದನ್ನು ಸಾಧಿಸೋದು ಸಣ್ಣ ಕೆಲಸ ಅಲ್ಲ, ವಿರೋಧಿಗಳೂ ಇದನ್ನು ಒಪ್ಪುತ್ತಾರೆ.

ತೊಡಕು ಮುಂದಿನ ಹೆಜ್ಜೆಯಲ್ಲಿದೆ. ಈ ಸಮ-ಬೆಸದ ಆಟ ಆಂಡ್ರೀವ್ ಸ್ಥಿತಿಯಿಂದಲೂ ಬರಬಹುದು. ಈ ಅಳತೆಗಳಷ್ಟೇ ಇಟ್ಟುಕೊಂಡು ಅದು ಯಾವುದೆಂದು ತೀರ್ಮಾನಿಸಲಾಗದು ಎಂದು ನೇಚರ್ ಲೇಖನವೇ ಒಪ್ಪಿಕೊಂಡಿದೆ. ಪತ್ರಿಕಾ ಪ್ರಕಟಣೆಗೆ ಮಾತ್ರ ಅಷ್ಟು ಸಂಕೋಚ ಇರಲಿಲ್ಲ.

ಕಂಪನಿಯ ತಂಡದ ಮುಖ್ಯಸ್ಥ ಚೇತನ್ ನಾಯಕ್ ಮತ್ತು ಸಂಗಡಿಗರ ವಾದ ಹೀಗಿದೆ. ಒಂದೇ ಅಳತೆ ನಂಬಬೇಡಿ, ಹಲವನ್ನು ಒಟ್ಟಿಗೆ ನೋಡಿ. 2023ರಲ್ಲೇ ತಂತಿಯ ಎರಡೂ ತುದಿ ಮತ್ತು ನಡುವನ್ನು ಒಟ್ಟಿಗೆ ಪರೀಕ್ಷಿಸುವ ಕ್ರಮವನ್ನು ಅವರು ಪ್ರಕಟಿಸಿದ್ದರು. ಅದರಲ್ಲಿ ತಪ್ಪು ಪಾಸ್ ಆಗುವ ಸಾಧ್ಯತೆ ಶೇ 8ಕ್ಕಿಂತ ಕಡಿಮೆ ಎಂದು ಅವರ ಲೆಕ್ಕ. ಆ ತಂತಿಗಳಲ್ಲಿ ಕಾವಲು ಬೇಲಿಯ ಎತ್ತರ 20ರಿಂದ 60 ಮೈಕ್ರೋ ಎಲೆಕ್ಟ್ರಾನ್‌ವೋಲ್ಟ್.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಹೆನ್ರಿ ಲೆಗ್ ಇದೇ ಬುಡಕ್ಕೆ ಕೈ ಹಾಕಿದರು. ಅಳತೆಯ ವ್ಯಾಪ್ತಿ ಸ್ವಲ್ಪ ಬದಲಿಸಿದರೆ ಅದೇ ಸಾಧನ ಪಾಸೂ ಆಗುತ್ತದೆ, ಫೇಲೂ ಆಗುತ್ತದೆ, ಇಂಥ ಪರೀಕ್ಷೆಯನ್ನು ನೆಚ್ಚಿಕೊಳ್ಳುವುದು ಹೇಗೆ ಎಂದು ಕೇಳಿದರು. ಕಂಪನಿ ಈ ಟೀಕೆಯನ್ನು ಒಪ್ಪಲಿಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ನಡೆದ ಭೌತವಿಜ್ಞಾನಿಗಳ ಸಮ್ಮೇಳನದಲ್ಲಿ ನಾಯಕ್ ಕಿಕ್ಕಿರಿದ ಸಭೆಯ ಮುಂದೆ ಹೊಸ ಡೇಟಾ ತೋರಿಸಿದರು. ಅದರಲ್ಲೊಂದು ಗ್ರಾಫ್ ಹಲವರಿಗೆ ಬರೀ ಗದ್ದಲದ ಹಾಗೆ ಕಂಡಿತು.

ತೂಗಿ ನೋಡಿದರೆ, ಪುರಾವೆಯ ವಿಷಯದಲ್ಲಿ ಟೀಕಾಕಾರರ ತಕ್ಕಡಿಯೇ ಭಾರ. ಹಾಗಂತ ಕಂಪನಿ ಏನೂ ಮಾಡಿಲ್ಲ ಅನ್ನೋದು ತಪ್ಪು. ಸಮ-ಬೆಸ ಓದುವ ಯಂತ್ರ ನಿಜ, ಅದು ಓದುತ್ತಿರುವುದು ಯಾವ ಸ್ಥಿತಿಯನ್ನು ಅನ್ನೋದೇ ಪ್ರಶ್ನೆ.

ಇದರಿಂದ ಏನಾಗುತ್ತದೆ?

ಬ್ಯಾಂಕ್ ಪಾಸ್‌ವರ್ಡ್ ನಾಳೆಯೇ ಒಡೆಯುತ್ತದೆ ಅಂತ ಹೆದರಬೇಕಿಲ್ಲ, ಎಂಟು ಕ್ಯೂಬಿಟ್‌ಗಳ ಅಸ್ತಿತ್ವವೇ ವಾದದಲ್ಲಿರುವಾಗ ಆ ದಿನ ದೂರ.

ಬೆಂಗಳೂರಿಗೆ? ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಕಂಪ್ಯೂಟಿಂಗ್ ಕೇಂದ್ರ ಇರುವುದು ಐಐಎಸ್‌ಸಿಯಲ್ಲಿ. ಕ್ವಾಂಟಮ್ ಸಿಟಿಗೆಂದು ರಾಜ್ಯ ಸರ್ಕಾರ ಹೆಸರಘಟ್ಟದಲ್ಲಿ 6.17 ಎಕರೆ ಕೊಟ್ಟಿದೆ. ಬೆಂಗಳೂರಿನ ಕ್ಯೂಪಿಎಐ ಕಂಪನಿ 2025ರ ಏಪ್ರಿಲ್‌ನಲ್ಲಿ ತೋರಿಸಿದ 25 ಕ್ಯೂಬಿಟ್ ಯಂತ್ರ ಮಾಮೂಲಿ ಅತಿವಾಹಕ ಕ್ಯೂಬಿಟ್‌ಗಳದ್ದು, ಮಯೊರಾನಾ ಬಂದರೂ ಬಿಟ್ಟರೂ ಅದರ ಕೆಲಸ ನಿಲ್ಲುವುದಿಲ್ಲ. ಅಪಾಯ ಇರುವುದು ಬೇರೆ ಕಡೆ. ದೊಡ್ಡ ಕಂಪನಿಯ ಒಂದು ಮಾತು ಸುಳ್ಳಾದರೆ ಹಣ ಕೊಡುವವರು ಇಡೀ ಕ್ಷೇತ್ರದಿಂದಲೇ ಕೈ ತೆಗೆಯಬಹುದು. ಐಐಎಸ್‌ಸಿಯ ದೀಪ್ತಿಮಾನ್ ಸೇನ್ ಅವರಂಥವರು ವರ್ಷಗಟ್ಟಲೆ ಮಾಡಿಕೊಂಡು ಬಂದಿರುವ ಒಂದು ಆಯಾಮದ ಎಲೆಕ್ಟ್ರಾನ್‌ಗಳ ಅಧ್ಯಯನಕ್ಕೂ ಈ ಪ್ರಚಾರಕ್ಕೂ ಸಂಬಂಧ ಇಲ್ಲ, ಆದರೂ ಬಿಸಿ ಅಲ್ಲಿಗೂ ತಟ್ಟಬಹುದು.

ಇನ್ನೊಂದು ದಾರಿಯೂ ತೆರೆದಿದೆ. ಉದ್ದ ತಂತಿಯನ್ನು ಕೊಳೆ ಇಲ್ಲದೆ ಮಾಡಲು ಆಗುತ್ತಿಲ್ಲವಾದರೆ, ಒಂದೊಂದೇ ಕ್ವಾಂಟಮ್ ಚುಕ್ಕೆಯನ್ನು ಮಣಿ ಪೋಣಿಸಿದ ಹಾಗೆ ಜೋಡಿಸಿದರೆ ಹೇಗೆ? 2023ರಲ್ಲಿ ಡೆಲ್ಫ್ಟ್‌ನಲ್ಲೇ ಎರಡು ಚುಕ್ಕೆಗಳಿಂದ ಇದನ್ನು ಮಾಡಿದರು. ಇದಕ್ಕೆ 'ಬಡವರ ಮಯೊರಾನಾ' ಅಂತ ಅಡ್ಡಹೆಸರು, ಕಾವಲು ಅಷ್ಟು ಗಟ್ಟಿ ಇಲ್ಲ. ಆದರೆ ಪ್ರತಿ ಮಣಿಯನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು, ಏನು ನಡೆಯುತ್ತಿದೆ ಎಂದು ನೋಡಬಹುದು. ಅಲ್ಲೂ ಸ್ಪಿನ್-ಆರ್ಬಿಟ್ ಇಲ್ಲದೆ ಕೆಲಸ ಆಗದು. ಒಂದೇ ಮುಖದ ಎರಡು ಎಲೆಕ್ಟ್ರಾನ್‌ಗಳನ್ನು ಅತಿವಾಹಕದ ಮೂಲಕ ಜೋಡಿಸಲು ದಾರಿಯಲ್ಲಿ ಒಂದರ ಬುಗುರಿಯನ್ನು ಮಗುಚಬೇಕು, ಮಗುಚುವುದು ಅದೇ.

ಎರಡು ಸಂಖ್ಯೆಗಳು

2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ತಂಡ ಇನ್ನೊಂದು ಕರಡು ಲೇಖನ ಹೊರಬಿಟ್ಟಿತು. ಈ ಸಲ ಎರಡು ತಂತಿಗಳಿರುವ ಪೂರ್ತಿ ಕ್ಯೂಬಿಟ್, ಎರಡು ಬಗೆಯ ಓದು. ಒಂದನ್ನು ಝೆಡ್ ಅನ್ನುತ್ತಾರೆ, ಇನ್ನೊಂದನ್ನು ಎಕ್ಸ್. ಕ್ಯೂಬಿಟ್ ಅನ್ನಿಸಿಕೊಳ್ಳಲು ಎರಡೂ ಬೇಕು. ಝೆಡ್ ಓದು 12.4 ಮಿಲಿಸೆಕೆಂಡ್ ನಿಂತಿತು. ಎಕ್ಸ್ ನಿಂತದ್ದು 14.5 ಮೈಕ್ರೋಸೆಕೆಂಡ್. ಒಂದಕ್ಕೂ ಇನ್ನೊಂದಕ್ಕೂ ಸುಮಾರು 850 ಪಟ್ಟು ಅಂತರ. ಝೆಡ್ ಕೆಡುವುದು ಹೊರಗಿನಿಂದ ನುಗ್ಗುವ ಬಿಡಿ ಎಲೆಕ್ಟ್ರಾನ್‌ಗಳಿಂದ, ಎಕ್ಸ್ ಕೆಡುವುದು ತಂತಿಯ ಒಳಗೇ ನಡೆಯುವ ಸಮ-ಬೆಸದ ಬದಲಾವಣೆಯಿಂದ ಎಂದು ಅವರೇ ಬರೆದಿದ್ದಾರೆ.

ತುದಿಗಳು ಒಂದನ್ನೊಂದು ಮುಟ್ಟದಷ್ಟು ದೂರ ಇದ್ದು, ನಡುವೆ ಬೇಲಿ ಗಟ್ಟಿ ಇದ್ದರೆ ಎಕ್ಸ್ ಓದು ಇಷ್ಟು ಬೇಗ ಕೆಡಬಾರದು. ಮುಂದಿನ ಚಿಪ್‌ನ ಸುದ್ದಿ ಬಂದಾಗ ಕ್ಯೂಬಿಟ್ ಎಷ್ಟಿವೆ ಅಂತ ಎಣಿಸುವ ಮೊದಲು ಈ 14.5 ಎಲ್ಲಿಗೆ ಬಂತು ಅಂತ ನೋಡಿ. ಅದು ಸಾವಿರದ ಲೆಕ್ಕಕ್ಕೆ ಏರಿದ್ದರೆ ಫ್ರೊಲೊವ್, ಲೆಗ್ ಮುಂತಾದವರು ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ.